ಎಡಕ್ಕೆ ಸುತ್ತಿದ ಆರು ಸ್ಪ್ರಿಂಗುಗಳು

ನಾನು ಒಂದು ಲೇತ್, ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ. ದೊಡ್ಡ ಕಾರ್ಖಾನೆಗಳಲ್ಲಿರುವ ಆನೆಯಂಥ ಲೇತ್ ಅಲ್ಲ, ಗಟ್ಟಿ ಮೇಜೊಂದಿದ್ದರೆ ಅದರ ಮೇಲೆ ಕೂರುವಷ್ಟು ಚಿಕ್ಕದು. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದ ದಿನ ಹುಟ್ಟಿದೆ. ಹುಟ್ಟಿನಿಂದಲೇ ನನಗೊಂದು ಕೆಟ್ಟ ಗುಣವಿದೆ, ಹೊಟ್ಟೆಕಿಚ್ಚು. ನನ್ನ ಪಕ್ಕದ ಅಚ್ಚಿನಿಂದ ಎದ್ದ ಲೇತಿಗೆ ಹಸಿರು ಬಣ್ಣ ಹೊಡೆದರು, ನನಗೆ ಬೂದಿ ಬಣ್ಣ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಮುಚ್ಚಿಟ್ಟು ಏನಾಗಬೇಕು? ಕಬ್ಬಿಣದ್ದಾದರೂ ಹೊಟ್ಟೆ ಹೊಟ್ಟೆಯೇ, ಉರಿಯುತ್ತದೆ.

ಮೊದಲು ನನ್ನನ್ನು ಕೊಂಡವರು ಹುಬ್ಬಳ್ಳಿಯಲ್ಲಿ ಪಂಪು ತಯಾರಿಸುವ ಒಂದು ಶೆಡ್ಡಿನವರು. ಅಲ್ಲಿ ಏಳು ಜನ ನನ್ನನ್ನು ತಿರುಗಿಸಿದರು. ಆರು ಜನ ದುಡಿಸಿಕೊಂಡರು, ಒಬ್ಬ ಮಾತ್ರ ಮಾತಾಡಿಸಿದ. ಅವನು ನೇಮಿನಾಥ ಅಣ್ಣಿಗೇರಿ, ಎಲ್ಲರ ಬಾಯಲ್ಲಿ ನೇಮಣ್ಣ. ಬೆಳಿಗ್ಗೆ ಬಂದವನೇ ಮೊದಲು ನನಗೆ ಎಣ್ಣೆ ಬಿಟ್ಟು, "ಏನವ್ವಾ, ಹ್ಯಾಂಗದಿ?" ಎಂದು ಕೇಳಿ ಆಮೇಲೆ ಚಹಾ ಕುಡಿಯುತ್ತಿದ್ದ. ಶೆಡ್ಡು ಮುಚ್ಚಿದಾಗ ಉಳಿದವರು ತಮಗೆ ಬರಬೇಕಾದದ್ದನ್ನು ಇಸಿದುಕೊಂಡು ಹೋದರು. ನೇಮಣ್ಣ ಹಣದ ಬದಲು ನನ್ನನ್ನು ಕೇಳಿ ಪಡೆದು, ಕೈಗಾಡಿಯ ಮೇಲೇರಿಸಿಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ ನಾನು ನೆಲ ಕಾಣದೆ ಮೆರೆದೆ.

ಮನೆಯಲ್ಲಿ ಇಬ್ಬರೇ. ನೇಮಣ್ಣ ಮತ್ತು ಅವನ ಅಕ್ಕ ಸುಗಂಧಾ. ಇಬ್ಬರಿಗೂ ಮದುವೆಯಿಲ್ಲ, ಮಕ್ಕಳಿಲ್ಲ. ಹಿಂದಿನ ಖೋಲಿಯಲ್ಲಿ ನಾನು, ಮುಂದಿನ ಖೋಲಿಯಲ್ಲಿ ಅಕ್ಕನ ಹೊಲಿಗೆ ಮಷಿನ್ನು. ಸುಗಂಧಕ್ಕ ಎಡಗೈಯವರು. ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಮೂವತ್ತು ವರ್ಷದಿಂದ ಅವರ ಎಡಗೈ ಕತ್ತರಿಯಲ್ಲೇ ಕಟಿಂಗ್ ಆಗಿವೆ. "ಈ ಕತ್ತರಿನ ನನ್ನ ಗಂಡ, ಹೇಳಿಧಂಗ ಕೇಳತಾನ" ಎಂದು ಗಿರಾಕಿಗಳನ್ನು ನಗಿಸುವುದು ನನಗೂ ಕೇಳಿಸುತ್ತಿತ್ತು. ಊಟದ ಹೊತ್ತಾದರೆ ನೇಮಣ್ಣ ನನ್ನನ್ನು ಅರ್ಧಕ್ಕೇ ನಿಲ್ಲಿಸಿ ಅಕ್ಕನ ಕಡೆ ಹೋಗಿಬಿಡುತ್ತಿದ್ದ. ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಹೀಗಿರಲು ಸುಗಂಧಕ್ಕನ ಎಡಗೈ ಹೆಬ್ಬೆರಳ ಬುಡ ಬಾತುಕೊಂಡಿತು. ಕತ್ತರಿ ಒತ್ತಲು ಬರುತ್ತದೆ, ಒತ್ತಿದ ಮೇಲೆ ಎತ್ತಿ ಬಾಯಿ ತೆರೆಯಲು ಪ್ರಾಣ ಹೋಗುತ್ತದೆ. "ದಸರಾದ ತನಕ ನೋಡ್ತೀನಿ. ಕೈ ಏಳಲಿಲ್ಲಂದ್ರ ಹೊಲಿಗಿ ಬಿಟ್ಟಬಿಡ್ತೀನಿ" ಎಂದರು. ಹೊಲಿಗೆ ಬಿಟ್ಟ ಅಕ್ಕನನ್ನು ನೇಮಣ್ಣ ಕಲ್ಪಿಸಿಕೊಳ್ಳಲಾರ. ಒತ್ತಿ ಬಿಟ್ಟರೆ ತಾನಾಗಿ ಬಾಯಿ ತೆರೆಯುವ ಕತ್ತರಿ ಮಾಡಿಕೊಡುತ್ತೇನೆಂದು ಹಟ ಹಿಡಿದ. ಅಕ್ಕನ ಹಾಗೇ ಎಡಗೈಯ, ಕೈನೋವಿನ ಇನ್ನೈದು ಜನ ದರ್ಜಿ ಹೆಂಗಸರು ನಮಗೂ ಬೇಕು ಎಂದರು. ಒಟ್ಟು ಆರು ಕತ್ತರಿ.

ಕತ್ತರಿಯ ನಡುವಿನ ತಿರುಗಣಿಗೆ ಹಿತ್ತಾಳೆಯ ಬುಷ್, ಅಂದರೆ ಸಣ್ಣ ಕೊಳವೆ, ಬೇಕು. ಅದನ್ನು ನಾನು ಮಾಡಿದೆ, ಕನ್ನಡಿಯಂತೆ ಹೊಳೆಯುವ ಬುಷ್ಷು! ನೇಮಣ್ಣ ಅದನ್ನು ಎತ್ತಿ ನೋಡಿ, "ಛಲೋ ಆತು" ಎಂದು ಪಕ್ಕಕ್ಕಿಟ್ಟ, ಅಷ್ಟೇ. ಅವನ ಮನಸ್ಸೆಲ್ಲ ಬುಷ್ಷಿನ ಮೇಲೆ ಕೂರಬೇಕಾದ ಸ್ಪ್ರಿಂಗಿನ ಮೇಲೆ. ಬಲಗೈ ಕತ್ತರಿಗಾದರೆ ಬಲಕ್ಕೆ ಸುತ್ತಿದ ಸ್ಪ್ರಿಂಗ್ ಸಾಕು, ಎಲ್ಲಿ ಬೇಕಾದರೂ ಸಿಗುತ್ತದೆ. ಎಡಗೈ ಕತ್ತರಿಗೆ ಎಡಕ್ಕೆ ಸುತ್ತಿದ್ದೇ ಆಗಬೇಕು. ಇಲ್ಲದಿದ್ದರೆ ಒತ್ತಿದಾಗ ಬಿಗಿಯಾಗುವ ಬದಲು ಬಿಚ್ಚಿಕೊಂಡು, ನಾಲ್ಕು ದಿನಕ್ಕೆ ಸೋತುಹೋಗುತ್ತದೆ.

ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಊರೆಲ್ಲ ಅಲೆದ. ಸ್ಪ್ರಿಂಗಿನ ಅಂಗಡಿಯವನು, "ಸಾವಿರ ಹೇಳಿದ್ರ ಮಾಡಿಸಿ ಕೊಡ್ತೀನ್ರಿ. ಆರಕ್ಕ ಯಾರು ಮಷಿನ್ ಕಟ್ಟತಾರ? ಬಲದ್ದನ್ನ ಒಯ್ದು ತಿರುವಿ ಹಾಕ್ರಿ, ಎಡದ್ದಾಕ್ಕತಿ" ಎಂದನಂತೆ. ನೇಮಣ್ಣ ಮನೆಗೆ ಬಂದು ಅಕ್ಕನ ಮುಂದೆ ಹಾರಾಡಿದ. "ಎಡಗಾಲಿನ ಚಪ್ಪಲಿ ಬೋರಲ ಹಾಕಿದ್ರ ಬಲಗಾಲಿಗೆ ಬರ್ತೈತೇನಕ್ಕಾ?" ಗುಜರಿ ಮಾರ್ಕೆಟ್ಟಿನಿಂದ ಸ್ಟೇಪ್ಲರು, ಬೀಗ, ಗಡಿಯಾರ, ಆಟದ ಕಾರು ತಂದು ಹೊಟ್ಟೆ ಬಗೆದ. ಒಂದೂ ಬುಷ್ಷಿಗೆ ಹೊಂದದಿದ್ದರೂ, ಸಿಕ್ಕ ಸ್ಪ್ರಿಂಗನ್ನೆಲ್ಲ ತಾನು ಊಟದ ಡಬ್ಬಿ ಮಾಡಿಕೊಂಡಿದ್ದ ಸ್ಟೀಲ್ ಡಬ್ಬಿಯಲ್ಲಿ ಮೆತ್ತನೆ ಬಟ್ಟೆ ಹಾಸಿ ಮಲಗಿಸಿದ. ಬೆಳಿಗ್ಗೆ ಎಣ್ಣೆ ಮೊದಲು ಅವಕ್ಕೆ, ಉಳಿದದ್ದು ನನಗೆ! ಮೂರು ತಿಂಗಳು ಇದನ್ನು ನೋಡಿ ನೋಡಿ ನನ್ನ ಹಲ್ಲುಚಕ್ರಗಳೆಲ್ಲ ಕಟಕಟ ಎನ್ನುತ್ತಿದ್ದವು.

ಕೊನೆಗೊಂದು ದಿನ ಕುಣಿಯುತ್ತ ಬಂದ. ಹಳೆಯ ಟೇಪ್ ರೆಕಾರ್ಡರಿನ ಮುಚ್ಚಳಕ್ಕೆ ಎರಡು ಬದಿಯಲ್ಲೂ ಸ್ಪ್ರಿಂಗ್ ಇತ್ತು, ಒಂದು ಬಲದ್ದು, ಒಂದು ಎಡದ್ದು. ಎಡದ್ದು ನನ್ನ ಬುಷ್ಷಿಗೆ ಹೇಳಿ ಮಾಡಿಸಿದಂತಿತ್ತು. ಮೊದಲು ಅಕ್ಕನ ಕತ್ತರಿಯಾಗಲಿ, ಉಳಿದ ಐದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡ. "ಬಂಗಾರ ಐತಿ ಇದು, ನನ್ನ ಬಂಗಾರ" ಎಂದು ಅಂಗಿಯ ಜೇಬಿನಲ್ಲಿ, ಎದೆಗೆ ಹತ್ತಿರ ಇಟ್ಟುಕೊಂಡ. ನನ್ನನ್ನು ಅವನು ಬಂಗಾರ ಎಂದು ಕರೆದದ್ದು ಒಂದು ಸಲವೂ ಇಲ್ಲ.

ಮರುದಿನ ಆರನೆಯ ಬುಷ್ಷಿನ ಕೆಲಸ. ಬಗ್ಗಿದಾಗ ಬಿದ್ದೀತೆಂದು ಆ ಬಂಗಾರವನ್ನು ಜೇಬಿನಿಂದ ತೆಗೆದು ನನ್ನ ಮೈಮೇಲೇ ಇಟ್ಟ. ಮೋಟರ್ ಚಾಲೂ ಆಯಿತು. ಲೇತ್ ಅಂದ ಮೇಲೆ ಸ್ವಲ್ಪ ನಡುಗುವುದು ಸಹಜ, ಆದರೆ ಅವತ್ತು ನಾನು ಬೇಕಂತಲೇ ನಡುಗಿದೆ. ಆ ಸ್ಪ್ರಿಂಗು ತೆವಳುತ್ತ ತೆವಳುತ್ತ ಅಂಚಿಗೆ ಹೋಗಿ ಕೆಳಗಿನ ತಟ್ಟೆಯ ಲೋಹದ ಹೊಟ್ಟಿನಲ್ಲಿ ಬಿತ್ತು. ನೇಮಣ್ಣ ನೋಡಲಿಲ್ಲ. ಕೆಲಸ ಮುಗಿದ ಮೇಲೆ ಹೊಟ್ಟನ್ನೆಲ್ಲ ಬಳಿದು, ಚೀಲಕ್ಕೆ ತುಂಬಿ, ಬಾಗಿಲಿಗೆ ಬಂದ ಗುಜರಿಯವನಿಗೆ ತಾನೇ ಕೊಟ್ಟ.

ಆಮೇಲೆ ಹುಡುಕಿದ. ಮಂಡಿಯೂರಿ, ಅಯಸ್ಕಾಂತ ಹಿಡಿದು, ಖೋಲಿಯ ನೆಲವನ್ನೆಲ್ಲ ಸವರಿದ. ಮೂರು ದಿನ ಹುಡುಕಿದ. ಮೊದಲ ದಿನ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮೂರನೆಯ ದಿನ ಅವನು ಗೋಡೆಗೊರಗಿ ಕೂತು ಕಣ್ಣೊರೆಸಿಕೊಂಡಾಗ ನನ್ನ ಖುಷಿ ಬತ್ತಿಹೋಯಿತು. ದಸರಾಕ್ಕೆ ಎಂಟೇ ದಿನ ಉಳಿದಿತ್ತು. ಮುಂದಿನ ಖೋಲಿಯಲ್ಲಿ ಸುಗಂಧಕ್ಕ ಒಬ್ಬೊಬ್ಬರಿಗೆ ಬಟ್ಟೆ ವಾಪಸು ಕೊಡುತ್ತಿದ್ದರು. "ಬ್ಯಾರೆ ಕಡೆ ಕೊಡವ್ವಾ, ನನ್ನ ಕೈಲಿ ಆಗೂದಿಲ್ಲ." ಥೂ, ಎಂಥ ಕೆಲಸ ಮಾಡಿಬಿಟ್ಟೆ!

ಆ ಮಧ್ಯಾಹ್ನ ಸುಗಂಧಕ್ಕ ನನ್ನ ಖೋಲಿಗೆ ಬಂದರು. ಕೈಯಲ್ಲಿ ಕತ್ತರಿ ಇತ್ತು. "ಎಣ್ಣಿ ಹಚ್ಚಿ ಇಟ್ಟಬಿಡೋ ತಮ್ಮಾ. ಯಾರಿಗರ ಬೇಕಂದ್ರ ಕೊಡು" ಎಂದರು. ನೇಮಣ್ಣ ಬೆಳಿಗ್ಗೆ ಚಾಲೂ ಮಾಡಿದ ಮೋಟರನ್ನು ನಿಲ್ಲಿಸುವುದನ್ನೂ ಮರೆತು ಕೂತಿದ್ದ. ಅಕ್ಕ ಹೊರಡಲಿಲ್ಲ. ಸುಮ್ಮನೆ ತಿರುಗುತ್ತಿದ್ದ ನನ್ನನ್ನೇ ನೋಡುತ್ತ ನಿಂತರು.

"ಇದು ನನ್ನ ಬಾಬಿನ್ ತಿರಗಿಧಂಗ ತಿರಗತೈತಲ್ಲೋ! ನಾ ಬಾಬಿನ್‌ಗೆ ದಾರ ಸುತ್ತೂದಿಲ್ಲೇನು? ನೀ ತಂತಿ ಸುತ್ತು."

"ಸ್ಪ್ರಿಂಗ್ ಸುತ್ತೂದು ಟರ್ನರ್ ಕೆಲಸ ಅಲ್ಲಕ್ಕಾ. ಶೆಡ್ಡಿನಾಗ ಅದಕ್ಕ ಬ್ಯಾರೆ ಮಂದಿ ಇದ್ರು."

"ಆ ಮಂದಿ ಎಲ್ಲದಾರ ಈಗ? ಕರಿ."

ನೇಮಣ್ಣ ಹಣೆ ಚಚ್ಚಿಕೊಂಡ. ಮೂವತ್ತು ವರ್ಷ ಲೇತ್ ತಿರುಗಿಸುವ ಟರ್ನರ್ ಆಗಿದ್ದವನು, ತನ್ನದಲ್ಲದ ಕೆಲಸವೆಂದು ಅದರ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ನನಗಾದರೂ ಹೊಳೆಯಿತೇ? ಹೊಟ್ಟೆ ಉರಿಸಿಕೊಳ್ಳುವುದರಲ್ಲೇ ಮೂರು ತಿಂಗಳು ಕಳೆದಿದ್ದೆ. ಅವನು ಎದ್ದು ಅದೇ ಸ್ಪ್ರಿಂಗಿನ ಅಂಗಡಿಗೆ ಓಡಿದ. ಆರು ಸ್ಪ್ರಿಂಗ್ ಕೊಡದವನು ಒಂದು ಸುರುಳಿ ತಂತಿಯನ್ನು ಮಾತಿಲ್ಲದೆ ತೂಗಿ ಕೊಟ್ಟ.

ತೊಡಕು ಒಂದೇ. ನನ್ನ ಮೋಟರ್ ಒಂದೇ ದಿಕ್ಕಿಗೆ ತಿರುಗುತ್ತದೆ. ತುಂಡನ್ನು ಕಚ್ಚಿ ಹಿಡಿದು ತಿರುಗುವ ನನ್ನ ಚಕ್ಕಿಗೆ ತಂತಿಯ ತುದಿ ಸಿಕ್ಕಿಸಿ ಎಡಕ್ಕೆ ಸುತ್ತಬೇಕೆಂದರೆ ನನ್ನನ್ನು ಹಿಂದುಮುಂದಾಗಿ, ಕೈಯಿಂದಲೇ ತಿರುಗಿಸಬೇಕು. ನೇಮಣ್ಣನ ಎರಡೂ ಕೈ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿಯಲು ಬೇಕು. ತಿರುಗಿಸುವವರು ಯಾರು? ಸುಗಂಧಕ್ಕ ಸೆರಗು ಸಿಕ್ಕಿಸಿಕೊಂಡು ಬಂದು, ಎಡಗೈಯ ಅಂಗೈಯನ್ನು ನನ್ನ ಚಕ್ಕಿನ ಮೇಲಿಟ್ಟರು. ಹೆಬ್ಬೆರಳಿಗೆ ಕೆಲಸವಿಲ್ಲ, ಅಂಗೈಯಿಂದ ದೂಡಿದರೆ ಸಾಕು.

ಉಲ್ಟಾ ತಿರುಗಿಸಿದರೆ ನನ್ನ ಚಕ್ಕು ತಿರುಪಿನಿಂದ ಬಿಚ್ಚಿಕೊಳ್ಳುವ ಸ್ವಭಾವದ್ದು. ಬಿಚ್ಚಿ ಬಿದ್ದರೆ ಅಕ್ಕನ ಕೈ ಜಜ್ಜಿಹೋಗುತ್ತದೆ. ಇಷ್ಟು ವರ್ಷ ನಾನು ಸಹಿಸದಿದ್ದ ಕೈ ಅದು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು, ಬೆಚ್ಚಗಿತ್ತು. ನಾನು ಚಕ್ಕನ್ನು ಬಿಗಿಯಾಗಿ ಕಚ್ಚಿಕೊಂಡೆ.

ಮೊದಲ ಸ್ಪ್ರಿಂಗು ಬಿಟ್ಟೊಡನೆ ಪುಟಕ್ಕನೆ ಹಿಗ್ಗಿ, ಬುಷ್ಷಿಗೆ ದೊಗಲೆಯಾಯಿತು. ಸುಗಂಧಕ್ಕ ಬಿದ್ದು ಬಿದ್ದು ನಕ್ಕರು. "ಬಟ್ಟಿ ನೀರಿಗೆ ಹಾಕಿದ್ರ ಕುಗ್ಗತೈತಿ, ನಿನ್ನ ತಂತಿ ಬಿಟ್ರ ಹಿಗ್ಗತೈತಿ. ಕುಗ್ಗೂದು ನೋಡಿ ನಾ ಸಡ್ಲ ಕಟ್ ಮಾಡ್ತೀನಿ, ಹಿಗ್ಗೂದು ನೋಡಿ ನೀ ಸಣ್ಣದ ಸುತ್ತು." ನೇಮಣ್ಣ ತಂತಿ ಸುತ್ತುವ ಸರಳನ್ನು ನನ್ನ ಮೇಲೆ ಇನ್ನೂ ತೆಳ್ಳಗೆ ಕಡೆದ. ಮೂರನೆಯದು ಬುಷ್ಷಿನ ಮೇಲೆ ಸರಿಯಾಗಿ ಕೂತಿತು. ಸಂಜೆಯೊಳಗೆ ಆರೂ ತಯಾರು. ಎರಡು ದಿನದಲ್ಲಿ ಕತ್ತರಿಗಳೂ ಸಿದ್ಧವಾದವು. ಸುಗಂಧಕ್ಕ ಒಮ್ಮೆ ಒತ್ತಿ ಬಿಟ್ಟರು, ಕತ್ತರಿ ತಾನೇ ಬಾಯಿ ತೆರೆಯಿತು. ಮತ್ತೆ ಒತ್ತಿದರು, ಮತ್ತೆ ತೆರೆಯಿತು. ವಾಪಸು ಕೊಟ್ಟ ಬಟ್ಟೆಗಳನ್ನೆಲ್ಲ ಓಣಿ ಸುತ್ತಿ ತಾವೇ ಇಸಿದುಕೊಂಡು ಬಂದರು.

ಇದಾಗಿ ಒಂಬತ್ತು ವರ್ಷ. ಐದು ಜನರ ಸ್ಪ್ರಿಂಗುಗಳು ಒಂದೊಂದಾಗಿ ಸೋತು ಬಂದವು. ಬಂದಾಗಲೆಲ್ಲ ಸುಗಂಧಕ್ಕ ಈ ಖೋಲಿಗೆ ಬಂದು ನನ್ನ ಚಕ್ಕಿನ ಮೇಲೆ ಕೈಯಿಟ್ಟರು, ಹೊಸದು ಸುತ್ತಿಸಿದರು. ನಾನು ಆ ಐದು ಸಲವನ್ನೂ ಕಾದು ಕಾದು ಅನುಭವಿಸಿದೆ. ಅಕ್ಕನದು ಮಾತ್ರ ಸೋಲಲೇ ಇಲ್ಲ. ನನ್ನ ಮೈಮೇಲೆ ಹುಟ್ಟಿದ ಆ ಚೋಟುದ್ದದ್ದು ದಿನವಿಡೀ ಅವರ ಕೈಯಲ್ಲಿರುತ್ತದೆ, ನಾನಿಲ್ಲಿ ಕತ್ತಲೆಯಲ್ಲಿ. ಹೊಟ್ಟೆ ಉರಿಯದೆ ಏನು ಮಾಡೀತು? ಮುರಿದು ಬರಬಾರದೇ ಎಂದು ಎಷ್ಟು ಸಲ ಶಪಿಸಿದೆನೋ.

ಈಗ ನೇಮಣ್ಣನ ಕಣ್ಣು ಮಂಜಾಗಿದೆ, ತಂತಿ ಕಾಣುವುದಿಲ್ಲ. ಹೋದ ವರ್ಷ ನನ್ನ ಮೋಟರಿನ ವೈರು ಕಿತ್ತು, ಹಳೆಯ ಚಾದರ ಹೊದಿಸಿದ. ಇನ್ನು ಸ್ಪ್ರಿಂಗು ಮುರಿದರೆ ಸುತ್ತುವವರಿಲ್ಲ. ನಿನ್ನೆ ಮುಂದಿನ ಖೋಲಿಯಲ್ಲಿ ಬಟ್ಟೆ ಕತ್ತರಿಸುವ ಸದ್ದು ನಡುವೆ ತಟ್ಟನೆ ನಿಂತಿತು. ನನ್ನ ಜೀವ ಹಾರಿಹೋಯಿತು. ಬೇಡ ಕಣೋ ಕೂಸೇ, ಮುರಿಯಬೇಡ, ಅವರ ಕೈ ನನಗೆ ಸಿಗದಿದ್ದರೂ ಚಿಂತೆಯಿಲ್ಲ, ನೀನೇ ಇಟ್ಟುಕೋ ಎಂದು ಚಾದರದೊಳಗೇ ಕೂಗಿದೆ. ಸುಗಂಧಕ್ಕ ಯಾರನ್ನೋ ಅಳತೆ ಕೇಳಿದರು. ಕತ್ತರಿ ಮತ್ತೆ ನಡೆಯಿತು.