ಎವೇಲಿಯಾ, ಮುಂದಿನ ಪ್ಲೇಟೆಲ್ಲಿ?

ಕಾರಿಗೆ ಹೊಸ ನಂಬರ್ ಪ್ಲೇಟು ಬಂದ ಮೇಲೆ ಎವೇಲಿಯಾಳನ್ನು ಹಿಡಿಯುವವರೇ ಇರಲಿಲ್ಲ. ಅದೇನು ಸಾಮಾನ್ಯ ತಗಡೇ? ಅಂಕಿ ಅಕ್ಷರ ತಾನೇ ಮೂಡುವ ಪರದೆ! ಹುಟ್ಟುಹಬ್ಬಕ್ಕೆಂದು ಮಗ ಎಫ್ರೆನ್ ತಂದು, ಅವಳ ಅರವತ್ತಮೂರನೇ ಇಸವಿಯ ಇಂಪಾಲಾ ಕಾರಿನ ಹಿಂದಕ್ಕೆ ಕೂರಿಸಿ ಹೋಗಿದ್ದ. ಸ್ಯಾನ್ ಹೋಸೆಯ ಪೂರ್ವದ ಆ ಬೀದಿಯಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ಬಂದವರನ್ನೆಲ್ಲ ಅವಳು ಕೈ ಹಿಡಿದು ಕಾರಿನ ಹಿಂದೆ ಕರೆದೊಯ್ಯುತ್ತಿದ್ದಳು. ಅಂಚೆಯವನಿಗಂತೂ ಎರಡು ಸಲ ತೋರಿಸಿದ್ದಾಯಿತು.

ಗುರುವಾರ ಸಂಜೆ ಲಿಬ್ರಾದಾ ಸಿಹಿ ಬ್ರೆಡ್ಡಿನ ಚೀಲ ಹಿಡಿದು ಬಂದಳು. ಎವೇಲಿಯಾಳ ಮೊಮ್ಮಗಳು ಯರೇತ್ಸಿಗೆ ಅವಳೇ ಧರ್ಮತಾಯಿ. ವಾಹನ ನೋಂದಣಿ ಕಚೇರಿಯ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತಿಯಾದ ಹೆಂಗಸು. ಶನಿವಾರ ಯರೇತ್ಸಿಯ ಹದಿನೈದರ ಹಬ್ಬ, ಹುಡುಗಿಗೆ ಹದಿನೈದು ತುಂಬಿದಾಗ ಅವರ ಪೈಕಿ ಮಾಡುವ ದೊಡ್ಡ ಹಬ್ಬ. ಹುಡುಗಿ ಇದೇ ಕಾರಿನಲ್ಲಿ ಚರ್ಚಿಗೆ ಹೋಗಬೇಕು. ಹನ್ನೊಂದಕ್ಕೆ ಅವಳ ಪೂಜೆ, ಹನ್ನೆರಡಕ್ಕೆ ಇನ್ನೊಬ್ಬಳದು. ತಡವಾದರೆ ಪೂಜೆ ತಪ್ಪಿದಂತೆಯೇ.

ಹಿಂದಿನ ಪರದೆಯನ್ನು ಹೊಗಳಿದ ಲಿಬ್ರಾದಾ ಕಾರಿನ ಸುತ್ತ ಒಂದು ಸುತ್ತು ಬಂದು ಮುಂದೆ ನಿಂತಳು. ಬಗ್ಗಿ ನೋಡಿದಳು.

"ಎವೇಲಿಯಾ, ಮುಂದಿನ ಪ್ಲೇಟೆಲ್ಲೇ?"

"ಕಿತ್ತಾಕ್ದೆ."

"ಕಿತ್ತಾಕಿದ್ಯಾ! ಯಾಕೆ?"

"ಯಾಕಂತೆ ಯಾಕೆ! ಹಿಂದೆ ಅಷ್ಟು ದೊಡ್ಡ ಪರದೆ ಇರೋದು ಕಾಣ್ಸಲ್ವಾ ನಿಂಗೆ? ಇನ್ನು ಈ ತಗಡು ಯಾವ ಸೀಮೆಗೆ? ತಂತಿ ಕಟ್ಕೊಂಡು ವಾಲಾಡ್ತಿತ್ತು, ನೋಡಿದ್ರೆ ಮೈ ಉರೀತಿತ್ತು."

"ಅಯ್ಯೋ ಮಾರಾಯ್ತಿ! ಆ ಪರದೆ ಹಿಂದಿನ ಪ್ಲೇಟಿನ ಬದಲಿಗೆ ಕಣೇ. ಮುಂದಿನದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಎರಡು ಕೊಟ್ಟಿದ್ರೆ ಎರಡೂ ಇರ್ಬೇಕು. ಮುಂದೆ ತಗಡಿನದೇ ಇರ್ಬೇಕು."

"ನೀನು ರಿಟೈರ್ ಆಗಿ ಆರು ವರ್ಷ ಆಯ್ತು. ನಿನ್ ಕಾಲದ ರೂಲ್ಸು ನೀನೇ ಇಟ್ಕೋ."

"ನಿಂಗೆ ಹೊಸ ಪರದೆ ಬಂತು ಅಂತ ಗೊತ್ತಾಗಿ ನಿನ್ನೇನೇ ಆಫೀಸಿಗೆ ಫೋನ್ ಮಾಡಿ ರೂಲ್ಸ್ ಕೇಳ್ದೆ ಕಣೇ, ನಿಂಗೋಸ್ಕರಾನೇ. ಪೊಲೀಸ್‌ನೋರು ನಿಲ್ಸಿದ್ರೆ ದಂಡದ ಚೀಟಿ ಬರೀತಾರೆ. ಅವ್ರು ಬರಿಯೋ ಹೊತ್ತಿಗೆ ಹನ್ನೊಂದು ದಾಟಿರುತ್ತೆ. ಆಮೇಲೆ ಹಬ್ಬದ ಹುಡುಗೀನ ರಸ್ತೆ ಬದೀಲಿ ನಿಲ್ಸಿ ಏನ್ ಮಾಡ್ತೀಯ?"

ಎವೇಲಿಯಾಳ ಮುಖ ಸ್ವಲ್ಪ ಬಾಡಿತು. ಆದರೂ ಸೋಲುವ ಹೆಂಗಸಲ್ಲ. "ಹಂಗಾದ್ರೆ ಒಳಗಡೆ ಗಾಜಿನ ಹತ್ರ ಇಡ್ತೀನಿ" ಎಂದಳು.

"ನಡೆಯಲ್ಲ. ಹೊರಗೆ, ಮುಂದೆ, ಗಟ್ಟಿಯಾಗಿ, ಓದೋ ಹಾಗಿರ್ಬೇಕು."

"ಬಂಪರ್‌ಗೆ ತೂತು ಕೊರೀಲಾ ಮತ್ತೆ? ಸೆವೆರೋ ಇಪ್ಪತ್ತು ವರ್ಷ ಉಜ್ಜಿದ ಬಂಪರ್ ಅದು!" ಎವೇಲಿಯಾ ಬಂಪರಿನ ಮೇಲೆ ಕೈಯಿಟ್ಟಳು. ಗಂಡ ಸೆವೆರೋ ತೀರಿಕೊಂಡು ನಾಲ್ಕು ವರ್ಷ. ಆ ಹೊಳಪಿನಲ್ಲಿ ಅವಳಿಗೆ ಇನ್ನೂ ಅವನ ಕೈ ಕಾಣುತ್ತಿತ್ತು. "ಆಗಲ್ಲ ಅಂದ್ರೆ ಆಗಲ್ಲ. ಮುಗೀತು."

ಅಷ್ಟರಲ್ಲಿ ಯರೇತ್ಸಿ ಒಳಗಿನಿಂದ ಹೊಸ ಜಾಕೆಟ್ ಹಾಕಿಕೊಂಡು ಓಡಿ ಬಂದಳು. ಅವರ ಮನೆಯವರದು ಹಳೇ ಕಾರುಗಳನ್ನು ಸಿಂಗರಿಸಿ ನಿಧಾನವಾಗಿ ಓಡಿಸುವವರ ಬಳಗ, ಹೆಸರೇ 'ಲೆಂತೋಸ್', ಅಂದರೆ ನಿಧಾನಸ್ಥರು. ಬಳಗದ ಜಾಕೆಟ್ಟುಗಳಿಗೆಲ್ಲ ಕಸೂತಿ ಹಾಕುವವಳು ಎವೇಲಿಯಾ. ಬೆನ್ನ ಮೇಲೆ ದೊಡ್ಡದಾಗಿ ಬಳಗದ ಹೆಸರು, ಎದೆಯ ಮೇಲೆ ಚಿಕ್ಕದಾಗಿ ಸ್ವಂತ ಹೆಸರು. ಯರೇತ್ಸಿಯದಕ್ಕೆ ಬೆನ್ನು ಮುಗಿದಿತ್ತು, ಎದೆ ಬಾಕಿ ಇತ್ತು.

"ಅಜ್ಜೀ, ಮುಂದೆ ಏನೂ ಬೇಡ. ಹಿಂದೆ ಇದ್ಯಲ್ಲ, ಸಾಕು. ಗೌನಿನ ಮೇಲೆ ಪ್ಲೇನ್ ಆಗಿದ್ರೇನೇ ಚೆಂದ."

"ಏನಂದೆ?" ಎವೇಲಿಯಾ ಸೊಂಟಕ್ಕೆ ಕೈ ಕೊಟ್ಟಳು. "ನಿಮ್ಮ ತಾತನ್ನೇ ಬಿಟ್ಟಿಲ್ಲ ನಾನು, ನಿನ್ನ ಬಿಡ್ತೀನಾ? ಬೆನ್ನು ಕಾಣ್ಸೋದು ನೀನು ದಾಟಿ ಹೋದ್ಮೇಲೆ ಕಣೇ! ಎದುರಿಗೆ ಬರ್ತಿರೋರಿಗೆ ಬರೋಳು ಯಾರು ಅಂತ ಗೊತ್ತಾಗ್ಬೇಡ್ವಾ? ಹೆಸರು ಮುಂದೆ ಇರ್ಲೇಬೇಕು!"

ಲಿಬ್ರಾದಾ ಬ್ರೆಡ್ಡಿನ ತುಂಡು ಬಾಯಿಗಿಟ್ಟುಕೊಂಡು ಬಂಪರಿನ ಕಡೆ ನೋಡಿದಳು. ಆಮೇಲೆ ಎವೇಲಿಯಾಳ ಕಡೆ ನೋಡಿದಳು. ಆಮೇಲೆ ಮತ್ತೆ ಬಂಪರಿನ ಕಡೆ.

"ನೀನು ಬಾಯ್ಮುಚ್ಚು" ಎಂದಳು ಎವೇಲಿಯಾ.

"ನಾನೇನಂದೆ ಈಗ? ಎಲ್ಲಾ ನೀನೇ ಹೇಳ್ದೆ!" ಲಿಬ್ರಾದಾ ಬಿದ್ದು ಬಿದ್ದು ನಕ್ಕಳು. ಸಕ್ಕರೆ ಪುಡಿಯೆಲ್ಲ ಅವಳ ಬಟ್ಟೆಯ ಮೇಲೆ ಉದುರಿತು. ಮುಖ ಬಿಗಿದುಕೊಂಡಿದ್ದ ಎವೇಲಿಯಾಳಿಗೂ ನಗು ತಡೆಯಲಾಗಲಿಲ್ಲ.

"ತೂತು ಗೀತು ಏನೂ ಬೇಡ ಕಣೇ" ಎಂದು ಲಿಬ್ರಾದಾ ಕಣ್ಣೊರೆಸಿಕೊಂಡಳು. "ಈಗಿರೋ ಬೋಲ್ಟಿಗೇ ಹಿಡಿಸೋ ಪಟ್ಟಿ ಸಿಗುತ್ತೆ, ಎಫ್ರೆನ್‌ಗೆ ಹೇಳು. ನಿನ್ ಗಂಡನ ಬಂಪರ್‌ಗೆ ಒಂದು ಗೀರೂ ಬೀಳಲ್ಲ. ಈಗ ಪ್ಲೇಟು ತಾ."

ಪ್ಲೇಟು! ಅದನ್ನು ಎಲ್ಲಿಟ್ಟಳೋ ಎವೇಲಿಯಾಳಿಗೆ ನೆನಪಿದ್ದರೆ ತಾನೇ? ಶುಕ್ರವಾರವೆಲ್ಲ ಹುಡುಕಾಟ. ಎಫ್ರೆನ್ ಪಟ್ಟಿ ತಂದು ಕೂರಿಸಿಯೂ ಆಯಿತು, ಪ್ಲೇಟಿನ ಸುಳಿವಿಲ್ಲ. ಗ್ಯಾರೇಜು ತಲೆಕೆಳಗಾಯಿತು. ಮಂಚದ ಕೆಳಗೆ, ತಮಾಲೆ ಬೇಯಿಸುವ ಹಂಡೆಯೊಳಗೆ, ಕ್ರಿಸ್‌ಮಸ್ ಸಾಮಾನಿನ ಡಬ್ಬದಲ್ಲಿ, ಎಲ್ಲೂ ಇಲ್ಲ. "ಸಿಗ್ಲಿಲ್ಲ ಅಂದ್ರೆ ಅರ್ಜಿ ಹಾಕಿ ಬೇರೇದು ತರಿಸ್ಬೇಕು. ನಾಳೆಗಂತೂ ಬರಲ್ಲ" ಎಂದು ಲಿಬ್ರಾದಾ ಫೋನಿನಲ್ಲಿ ಹೇಳಿದಳು. ಯರೇತ್ಸಿ ಅಳುವುದೊಂದು ಬಾಕಿ. ಹದಿನೈದರ ಹಬ್ಬಕ್ಕೆ ಇದೇ ಕಾರಿನಲ್ಲಿ ನಿನ್ನನ್ನು ಚರ್ಚಿಗೆ ಕರೆದೊಯ್ಯುತ್ತೇನೆ ಎಂದು ಸೆವೆರೋ ಅವಳ ತೊಟ್ಟಿಲ ಬಳಿ ನಿಂತು ಮಾತು ಕೊಟ್ಟಿದ್ದ.

ಸಂಕಟ ತಡೆಯಲಾರದೆ ಎವೇಲಿಯಾ ಹೊಲಿಗೆ ಯಂತ್ರದ ಮುಂದೆ ಕೂತಳು. ಆ ಜಾಕೆಟ್ಟಾದರೂ ಮುಗಿಯಲಿ. ಯ, ರೇ, ಎಂದು ಸೂಜಿ ಟಕಟಕ ಓಡತೊಡಗಿತು. ದಾರದ ಉಂಡೆ ಕೈಜಾರಿ ಉರುಳಿತು. ಹೆಕ್ಕಲು ಬಗ್ಗಿದ ಯರೇತ್ಸಿ ಕಿಟಾರನೆ ಕಿರುಚಿದಳು.

"ಅಜ್ಜೀ! ಪ್ಲೇಟು ನಿನ್ ಕಾಲ ಹತ್ರಾನೇ ಇದೆ!"

ಅಲುಗಾಡುತ್ತಿದ್ದ ಯಂತ್ರದ ಕಾಲಿಗೆ ಆನಿಕೆಯಾಗಿ ಎವೇಲಿಯಾ ತಾನೇ ಅದನ್ನು ತೂರಿಸಿದ್ದಳು.

ಶನಿವಾರ ಬೆಳಿಗ್ಗೆ ಇಂಪಾಲಾ ಮೆಲ್ಲಗೆ ಬೀದಿಗಿಳಿಯಿತು. ಹಿಂದೆ ಪರದೆ, ಮುಂದೆ ತಗಡು, ಎರಡರಲ್ಲೂ ಅದೇ ನಂಬರು. ಎರಡನೇ ಸಿಗ್ನಲ್ಲಿನಲ್ಲಿ ಎದುರಿಗೇ ಪೊಲೀಸ್ ಬೈಕು! ಬೈಕಿನವನು ಬಂಪರಿನತ್ತ ಕಣ್ಣಾಡಿಸಿದ, ಗೌನಿನ ಹುಡುಗಿಯನ್ನು ನೋಡಿದ, ಹೆಬ್ಬೆಟ್ಟು ಎತ್ತಿ ತೋರಿಸಿ ಮುಂದೆ ಹೋದ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವರು ಚರ್ಚಿನ ಮುಂದಿದ್ದರು. ಬಾಗಿಲಲ್ಲಿ ನಿಂತಿದ್ದ ಪಾದ್ರಿ ಊರಿಗೆ ಹೊಸಬರು, ಹುಡುಗಿಯ ಮುಖ ನೋಡಿದವರಲ್ಲ. ಗೌನಿನ ಮೇಲೆ ಜಾಕೆಟ್ಟು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದವಳ ಎದೆಯ ಮೇಲಿನ ಹೆಸರು ಓದಿ ಎರಡೂ ಕೈ ಚಾಚಿದರು.

"ಬಾಮ್ಮ, ಯರೇತ್ಸಿ. ನಿಂಗೋಸ್ಕರಾನೇ ಕಾಯ್ತಿದ್ದೆ."

ಎವೇಲಿಯಾ ಲಿಬ್ರಾದಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತೇಬಿಟ್ಟಳು.

ಕಾರಿರುವ ಅಣ್ಣಂದಿರೇ, ಅಕ್ಕಂದಿರೇ, ಎಲೆಕ್ಟ್ರಾನಿಕ್ ಪ್ಲೇಟು ಬಂತೆಂದು ಸ್ಕ್ರೂಡ್ರೈವರ್ ಹಿಡಿದು ಹೊರಡಬೇಡಿ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅದು ಹಿಂದಿನ ಪ್ಲೇಟಿಗೆ ಮಾತ್ರ ಬದಲಿ, ಮುಂದಿನ ತಗಡು ಇರಲೇಬೇಕು. ನೀವು ಬೇರೆ ರಾಜ್ಯದವರಾದರೆ ಅಲ್ಲಿನ ನಿಯಮ ಬೇರೆ ಇದ್ದೀತು, ನೋಂದಣಿ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಈಗಾಗಲೇ ಕಿತ್ತಿದ್ದೀರಾ? ಹಾಗಾದರೆ ಈ ಕಥೆಯನ್ನು ಇಲ್ಲೇ ಬಿಟ್ಟು ಎದ್ದು ಹೋಗಿ ಹುಡುಕಿ. ಮೊದಲು ಹೊಲಿಗೆ ಯಂತ್ರದ ಕೆಳಗೆ ನೋಡಿ.