ಕೊನೆಯವರು ಇಳಿಯುವ ತನಕ

ಸಿಂಧನೂರಿನ ಒಂದು ಹಳೆ ಗಾಡಿಗಳ ಅಂಗಡಿಯ ಹಿಂದೆ, ತಗಡಿನ ಶೆಡ್ಡಿನೊಳಗೆ, ನಾನು ಓಡಿದ ಎರಡು ಲಕ್ಷ ಕಿಲೋಮೀಟರನ್ನು ಮೀಟರಿನಿಂದ ಅಳಿಸಿದರು. ಅಳಿಸಿದವನ ಒಂದು ಕೈಯಲ್ಲಿ ಚಹಾದ ಲೋಟವಿತ್ತು. ಚಹಾ ಆರುವ ಮೊದಲೇ ಕೆಲಸ ಮುಗಿಯಿತು.

ನಾನು ಒಂದು ಪಿಕಪ್ ಗಾಡಿಯ ಎಂಜಿನ್ನು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕುದಿಯುವ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ಮರಳು ಕೊಡವಿ, ಕೊರೆದು, ಉಜ್ಜಿ, ಒಳಗೆ ನಾಲ್ಕು ಪಿಸ್ಟನ್ನು ಕೂರಿಸಿದರು. ಮೊದಲ ಸಲ ಡೀಸೆಲ್ ಕುಡಿದು ನಾನು ಗುಡುಗಿದಾಗ, ಪಕ್ಕದಲ್ಲಿ ನಿಂತಿದ್ದವನೊಬ್ಬ ಕಿವಿಗೊಟ್ಟು ಕೇಳಿ, ಅಂಗೈಯಿಂದ ನನ್ನನ್ನೊಮ್ಮೆ ತಟ್ಟಿ ಮುಂದಕ್ಕೆ ಕಳಿಸಿದ. ಅವನ ಮುಖ ನನಗೆ ನೆನಪಿಲ್ಲ. ನಾನಿರುವುದು ಗಾಡಿಯ ಹೊಟ್ಟೆಯಲ್ಲಿ. ಮನುಷ್ಯರು ನನಗೆ ಗುರುತಾಗುವುದು ಅವರ ಪಾದದಿಂದ. ಎಕ್ಸಲರೇಟರಿನ ಮೇಲೆ ಬೀಳುವ ಪಾದ ತನ್ನ ಒಡೆಯನ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ನನ್ನ ಮೊದಲ ಒಡೆಯ ಒಬ್ಬ ಸಿಮೆಂಟ್ ವ್ಯಾಪಾರಿ. ಅವನ ಡ್ರೈವರನದು ಭಾರವಾದ, ನಿಧಾನದ ಪಾದ. ನನ್ನ ತಾಕತ್ತಿಗೆ ಮೀರಿ ಹೇರುತ್ತಿದ್ದರು, ಆದರೆ ನೋಡಿಕೊಳ್ಳುವುದರಲ್ಲಿ ಕೊರತೆ ಮಾಡಲಿಲ್ಲ. ಎಣ್ಣೆ ಕಪ್ಪಾಗುವ ಮೊದಲೇ ಬದಲಾಯಿಸುತ್ತಿದ್ದರು. ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತಿದ್ದರು. ಸಿಮೆಂಟಿನ ಧೂಳು ಒಳಗೆ ಹೋಗಬಾರದೆಂದು ನನ್ನ ಮೂಗಿಗೆ ತಪ್ಪದೆ ಹೊಸ ಫಿಲ್ಟರು ಬರುತ್ತಿತ್ತು. ಅದೇ ಸಿಮೆಂಟಿನ ಚೀಲ ಹೊರುವ ಹಮಾಲರ ಮೂಗಿಗೆ ಅವರವರದೇ ಟವಲ್ಲು. ಅವರು ಕೆಮ್ಮುತ್ತ ಹೇರುತ್ತಿದ್ದರು, ನಾನು ಕೆಮ್ಮದೆ ಓಡುತ್ತಿದ್ದೆ.

ಆಮೇಲೆ ನನ್ನನ್ನು ಕೋಳಿ ಸಾಗಿಸುವವನೊಬ್ಬ ಕೊಂಡ. ಹಿಂದೆ ಜಾಲರಿಯ ಪಂಜರ, ಅದರ ತುಂಬ ಬಿಳಿ ಕೋಳಿ. ಫಾರಮ್ಮಿನಿಂದ ಅಂಗಡಿಗೆ, ಅಂಗಡಿಯಿಂದ ಫಾರಮ್ಮಿಗೆ. ಈ ಡ್ರೈವರನ ಪಾದಕ್ಕೆ ಬೆಂಕಿ ಬಿದ್ದಂಥ ಅವಸರ. ತಂಪಾಗಿದ್ದಾಗಲೇ ಗಕ್ಕನೆ ಎಬ್ಬಿಸಿ ಓಡಿಸುವುದು, ಕಾದು ಕೆಂಪಾಗಿದ್ದಾಗ ಟಕ್ಕನೆ ಆಫ್ ಮಾಡುವುದು. ನನ್ನ ಪಕ್ಕೆಯಲ್ಲಿ ಟರ್ಬೊ ಎಂಬ ಪುಟ್ಟ ಚಕ್ರವೊಂದಿದೆ. ನನ್ನ ಹೊಗೆಯ ರಭಸಕ್ಕೆ ತಿರುಗಿ ನನಗೇ ಹೆಚ್ಚಿನ ಗಾಳಿ ಊದಿ ಕೊಡುತ್ತದೆ. ಓಡಿ ಬಂದ ಮೇಲೆ ಒಂದೆರಡು ನಿಮಿಷ ನನ್ನನ್ನು ನಿಂತಲ್ಲೇ ತಿರುಗಲು ಬಿಟ್ಟರೆ ಎಣ್ಣೆ ಹರಿದು ಅದು ತಣ್ಣಗಾಗುತ್ತದೆ. ಒಮ್ಮೆಗೇ ಆಫ್ ಮಾಡಿದರೆ ಎಣ್ಣೆ ನಿಂತು, ಚಕ್ರ ಒಳಗೊಳಗೇ ಸುಡುತ್ತದೆ. ಆ ಪುಣ್ಯಾತ್ಮನ ಕೈಯಲ್ಲಿ ನನ್ನ ಟರ್ಬೊ ಎರಡು ಸಲ ಸತ್ತಿತು. ಎರಡನೆಯದು ಸತ್ತಾಗ ಅವನ ಒಡೆಯ ನನ್ನನ್ನು ಬ್ರೋಕರ್ ವೀರೇಶನಿಗೆ ಮಾರಿದ.

ಮೊದಲು ಹೇಳಿದ ಶೆಡ್ಡಿನ ಕೆಲಸ ಆದದ್ದು ಅವನ ಅಂಗಡಿಯಲ್ಲೇ. ಹೊಸ ಟರ್ಬೊ ಹಾಕಿದರು, ಪಂಜರ ಕಿತ್ತು ಬಣ್ಣ ಬಳಿದರು, ಮೀಟರನ್ನು ಅರವತ್ತು ಸಾವಿರಕ್ಕೆ ಇಳಿಸಿದರು.

ನನ್ನನ್ನು ನೋಡಲು ಬಂದವರು ಕೂಲಿ ಹೆಂಗಸರು. ಕಾಲುವೆ ದಂಡೆಯ ಒಂದು ಊರಿನವರು; ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಗುಂಪು. ಅಲ್ಲಿಯ ತನಕ ಅವರನ್ನು ಹೊಲಕ್ಕೆ ಒಯ್ಯುತ್ತಿದ್ದುದು ಅಮರೇಗೌಡನೆಂಬ ಮೇಸ್ತ್ರಿಯ ಗಾಡಿ. ಅವನ ಗಾಡಿ ಹತ್ತಿದರೆ ಅವನು ಹೇಳಿದ ಹೊಲ, ಅವನು ಹೇಳಿದ ಕೂಲಿ. ಸ್ವಂತ ಗಾಡಿಯಿದ್ದರೆ ಯಾವ ಹೊಲಕ್ಕೆ ಹೋಗಬೇಕೆಂದು ತಾವೇ ಹೇಳಬಹುದು ಎಂಬುದು ಅವರ ಲೆಕ್ಕ. ಸಂಘದಲ್ಲಿ ಕೂಡಿಟ್ಟದ್ದನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.

"ಡಾಕ್ಟರ್ ಮನೀ ಗಾಡಿ ಬೇ ಇದು," ಎಂದ ವೀರೇಶ. "ಮನೀ ಸಾಮಾನು ಬಿಟ್ರ ಏನೂ ಹೊತ್ತಿಲ್ಲ. ಮೀಟರ್ ನೋಡ್ರಿ ಬೇಕಾದ್ರ."

ಅವರು ಮೀಟರ್ ನೋಡಿದರು. ಕೊಂಡರು.

ಗುಂಪಿಗೆ ಹಿರಿಯಳು ಹುಲಿಗೆಮ್ಮ. ಅವಳ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಒಂದು ಸಂಜೆ ಕಾಲುವೆ ಏರಿಯ ಇಳಿಜಾರಿನಲ್ಲಿ ಅವಳು ಇನ್ನೂ ಇಳಿಯುತ್ತಿರುವಾಗಲೇ ಅಮರೇಗೌಡನ ಗಾಡಿ ಮುಂದಕ್ಕೆ ಸರಿದಿತ್ತು. ಅದಕ್ಕೇ ಲಾಲೇಸಾಬನನ್ನು ಡ್ರೈವರನಾಗಿ ಇಟ್ಟುಕೊಳ್ಳುವಾಗ ಅವಳು ಹಾಕಿದ್ದು ಒಂದೇ ಕರಾರು.

"ಕೊನೇದಾಕಿ ಇಳಿಯೂತನ ನಿನ್ನ ಕಾಲು ಬ್ರೇಕಿನ ಮ್ಯಾಲ ಇರಬೇಕು, ಕಣ್ಣು ಕನ್ನಡಿಯಾಗ ಇರಬೇಕು. ಇಂಜಿನ್ ಬಂದ್ ಮಾಡಿದ್ರ ಬ್ರೇಕು ಬಿಗಿಯಾಗಿ ಹಿಡಿಯಂಗಿಲ್ಲಂತ. ಹಂಗಾಗಿ ಅದೂ ಚಾಲೂ ಇರ್ಲಿ."

"ಡೀಸೆಲ್ ಸುಮ್ನ ಸುಡತೈತಿ ದೊಡ್ಡವ್ವ."

"ಸುಡ್ಲಿ. ಮೊಣಕಾಲು ಪಂಪಿನ್ಯಾಗ ಸಿಗೂದಿಲ್ಲ."

ಲಾಲೇಸಾಬನದು ಸವೆದ ಚಪ್ಪಲಿಯ, ಹಗುರ ಪಾದ. ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಹೆಂಗಸರು ಬುತ್ತಿ ಹಿಡಿದು ಒಬ್ಬೊಬ್ಬರಾಗಿ ಹತ್ತುವ ತನಕ ಸುಮ್ಮನೆ ಬಿಡುತ್ತಿದ್ದ. ಅಷ್ಟರಲ್ಲಿ ಎಣ್ಣೆ ನನ್ನ ಮೈಯೆಲ್ಲ ಹರಿದಿರುತ್ತಿತ್ತು. ಸಂಜೆ ಕಾಲುವೆ ಏರಿಯ ಮೇಲೆ ನಿಲ್ಲಿಸಿ, ಪಾದವನ್ನು ಬ್ರೇಕಿನ ಮೇಲಿಟ್ಟು ಕಾಯುತ್ತಿದ್ದ. ದಿನವಿಡೀ ಬಗ್ಗಿದ ಸೊಂಟಗಳು ಬೇಗ ಇಳಿಯುವುದಿಲ್ಲ. ಹುಲಿಗೆಮ್ಮ ಯಾವಾಗಲೂ ಕೊನೆಗೆ. ಅವಳ ಎರಡೂ ಪಾದ ನೆಲ ಮುಟ್ಟಿ, ಅವಳು ಹಿಂಬಾಗಿಲನ್ನು ಅಂಗೈಯಿಂದ ಬಡಿದ ಮೇಲೆಯೇ ನನಗೆ ಬಿಡುವು.

ಮೋಸ ಹೊರಬಿದ್ದದ್ದು ಒಂದು ಪುಕ್ಕದಿಂದ. ನನ್ನ ಗಾಳಿ ಫಿಲ್ಟರಿನ ಡಬ್ಬಿ ಬಿಚ್ಚಿದ ಮೆಕ್ಯಾನಿಕ್ ಮೌನೇಶ ಅದರ ಮೂಲೆಯಿಂದ ಒಂದು ಬಿಳಿ ಪುಕ್ಕ ಎಳೆದು ತೆಗೆದ.

"ದೊಡ್ಡವ್ವ, ನಿಮ್ಮ ಡಾಕ್ಟರು ಕೋಳಿಗೆ ಸೂಜಿ ಚುಚ್ತಿದ್ನೇನು?"

ಆಮೇಲೆ ನನ್ನ ತಲೆ ಬಿಚ್ಚಿ ಸಿಲಿಂಡರಿನ ಗೋಡೆಗೆ ಬೆರಳು ಆಡಿಸಿದ. "ಮೀಟರ್ ಹೇಳಿದ್ದಕ್ಕಿಂತ ಮೂರ್ನಾಕು ಪಟ್ಟು ಓಡೈತಿ ಇದು," ಎಂದ. ನಗಲಿಲ್ಲ.

ಹೆಂಗಸರೆಲ್ಲ ನನ್ನ ಮೇಲೆ ಹತ್ತಿಕೊಂಡು ವೀರೇಶನ ಅಂಗಡಿಗೆ ಹೋದರು. ಕೂತರು, ಬೈದರು, ಸಂಜೆಯ ತನಕ ಬಾಗಿಲು ಬಿಟ್ಟು ಏಳಲಿಲ್ಲ. ಅವನದು ಒಂದೇ ಮಾತು: "ಮೀಟರಿನಾಗ ಏನೈತಿ ಅದೇ ಖರೆ. ಗಾಡಿ ಬಾಯಿ ಬಿಟ್ಟು ಹೇಳ್ತೈತೇನು?"

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಹುಲಿಗೆಮ್ಮ ನಗಲು ಶುರುಮಾಡಿದಳು.

"ಈ ಮಾತು ಎಲ್ಲೋ ಕೇಳೇನಲ್ಲಾ ಅಂತಿದ್ದೆ. ಪಿಂಚಣಿ ಆಫೀಸಿನಾಗೂ ಹಿಂಗ ಅಂದ್ರು ನೋಡು. ಕಾರ್ಡಿನಾಗ ಏನೈತಿ ಅದೇ ನಿನ್ನ ವಯಸ್ಸು, ಇನ್ನೂ ಮುದುಕಿ ಆಗಿಲ್ಲ ಹೋಗು ಅಂತ. ಕಾರ್ಡಿನ ಪ್ರಕಾರ ನನಗೂ ನನ್ನ ಹಿರೇ ಮಗಳಿಗೂ ಎಂಟೇ ವರ್ಷ ಫರಕು. ಲಾಲೇಸಾಬ, ಈ ಗಾಡಿ ನನ್ನ ಓರಗಿದು. ಇಬ್ಬರ ಮೀಟರೂ ಹಿಂದಕ್ಕ ತಿರುವ್ಯಾರ."

ಎಲ್ಲರೂ ನಕ್ಕರು. ಲಾಲೇಸಾಬ ಆ ಪುಕ್ಕವನ್ನು ಮುಂದಿನ ಕನ್ನಡಿಗೆ ಸಿಕ್ಕಿಸಿದ. ಅಂದಿನಿಂದ ಊರವರ ಬಾಯಲ್ಲಿ ನಾನು ಕೋಳಿಗಾಡಿಯಾದೆ.

ಆಮೇಲೆ ನಾನು ಓಡಿದ್ದು ನನಗೇ ಅಚ್ಚರಿ ತರುವಷ್ಟು. ಹೊಲದ ಕರಿಮಣ್ಣು, ಮೆಣಸಿನ ಘಾಟು, ಕಾಲುವೆಯ ಕೆಸರು ಎಲ್ಲ ಕಂಡೆ. ಸರಕಿನ ಗಾಡಿಯಲ್ಲಿ ಆಳುಗಳನ್ನು ಒಯ್ಯಬಾರದು ಎಂದು ಪೊಲೀಸರು ನಿಲ್ಲಿಸುತ್ತಿದ್ದರು. ಕಾನೂನು ಹಾಗೆ ಇದೆ. ಆ ಊರಿಗೆ ಬಸ್ಸು ಬರಬೇಕು ಎಂಬುದಕ್ಕೆ ಕಾನೂನು ಇರಲಿಲ್ಲ. ಹೆಂಗಸರು ಹೊಲ ಆರಿಸಿಕೊಂಡರು. ಕೂಲಿ ಕಡಿಮೆ ಎಂದ ಹೊಲದ ಬದುವಿನಲ್ಲಿ ಹುಲಿಗೆಮ್ಮ ಕೆಳಗಿಳಿಯದೆಯೇ "ಮುಂದ ನಡಿ ಲಾಲೇಸಾಬ" ಎನ್ನುತ್ತಿದ್ದಳು. ಆ ಮಾತಿಗೆ ನಾನು ಮುಂದಕ್ಕೆ ಹೊರಟಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು ಎಂದುಕೊಂಡಿದ್ದೇನೆ. ನಾನು ಒಂದು ದಿನ ಕೆಟ್ಟು ನಿಂತರೆ ಅವರು ಮತ್ತೆ ಅಮರೇಗೌಡನ ಬಾಗಿಲಿಗೇ ಹೋಗಬೇಕಿತ್ತು. ಅವನು ಚಹಾದಂಗಡಿಯ ಮುಂದೆ ನಿಂತು ಕೇಳುತ್ತಿದ್ದ: "ಇನ್ನೂ ಸತ್ತಿಲ್ಲೇನ್ ಬೇ ನಿಮ್ಮ ಕೋಳಿ? ನನ್ನ ಗಾಡಿ ಬಾಗಿಲಾ ತೆರದೇ ಐತಿ."

ನಾನು ಸಾಯಲಿಲ್ಲ. ವರ್ಷಗಳ ಮೇಲೆ ಮೌನೇಶ ನನ್ನ ಟರ್ಬೊ ಬಿಚ್ಚಿ, ಚಕ್ರವನ್ನು ಬೆರಳಿನಿಂದ ತಿರುಗಿಸಿ, ತಲೆ ಕೆರೆದುಕೊಂಡ. "ಇದಕ್ಕ ಏನ್ ತಿನ್ನಿಸ್ತಿ ಲಾಲೇ ಅಣ್ಣ? ಹೊಸದರಂಗ ಐತಿ."

"ನಾ ಏನ್ ತಿನ್ನಿಸ್ಲಿ. ಇವ್ರು ಇಳಿಯೂತನ ಕಾಯ್ತೀನಿ, ಅಷ್ಟ."

ಮೌನೇಶನಿಗೆ ಅರ್ಥವಾಯಿತು. ನನಗೆ ಮೊದಲೇ ಗೊತ್ತಿತ್ತು. ದೊಡ್ಡ ಕಂಪನಿಯ ಎಣ್ಣೆಯಿಂದಲ್ಲ, ಬೂದುಗುಂಬಳದಿಂದಲೂ ಅಲ್ಲ, ಒಬ್ಬ ಮುದುಕಿಯ ಮಡಚದ ಮೊಣಕಾಲಿನಿಂದ ನಾನು ಇಷ್ಟು ಬಾಳಿದೆ. ನಿಧಾನಕ್ಕೆ ಇಳಿಯುವವರನ್ನು ಕಾಯುವಾಗ ನನ್ನ ಬೆಂಕಿಯೂ ಆರುತ್ತಿತ್ತು.

ಆದರೂ ಮುಪ್ಪು ಬಂತು. ಬೆಳಿಗ್ಗೆ ನೀಲಿ ಹೊಗೆ, ಎರಡು ವಾರಕ್ಕೊಮ್ಮೆ ಎಣ್ಣೆ ಕಡಿಮೆ. ಗಾಡಿಯ ಹಿಂದಿನ ತಗಡು ತುಕ್ಕು ಹಿಡಿದು ಅಂಗೈಯಗಲ ತೂತು ಬಿದ್ದಿತ್ತು. ಸುದ್ದಿ ತಿಳಿದ ವೀರೇಶ ತಾನಾಗಿಯೇ ಬಂದ. ಇದನ್ನು ಕೊಟ್ಟರೆ ಹೊಸತರಂಥ ಗಾಡಿ ಕೊಡುತ್ತೇನೆ, ಮೇಲೆ ಹೆಚ್ಚೇನೂ ಬೇಡ ಎಂದ. ಎಂಜಿನ್ನಿನ ದನಿ ಚೆನ್ನಾಗಿದೆ, ಒಬ್ಬ ಹೋಟೆಲಿನವನು ಕೊಳ್ಳಲು ಕಾಯುತ್ತಿದ್ದಾನೆ. ಮೀಟರು ಮಾತ್ರ ಸ್ವಲ್ಪ ಇಳಿಸಬೇಕು. ಅವನು ಕೇಳಿದರೆ ನೀವು ಊರ ಸುತ್ತ ಅಷ್ಟೇ ಓಡಿದೆ ಎನ್ನಬೇಕು ಎಂದೂ ಹೇಳಿದ.

ದುರುಗಮ್ಮ ಒಪ್ಪಿಕೊಂಡಳು. ಗುಂಪಿನಲ್ಲಿ ಚುರುಕಿನವಳು ಅವಳು. ಅಮರೇಗೌಡನ ಬಾಯಿಗೆ ಎದುರು ಬಾಯಿ ಕೊಡುತ್ತಿದ್ದವಳೂ ಅವಳೇ. "ನಮಗ ಮೋಸ ಮಾಡಿದಾಗ ಯಾರರ ಅಯ್ಯೋ ಅಂದ್ರಾ?" ಎಂದಳು.

ಮರುದಿನ ಬೆಳಿಗ್ಗೆ ಎಲ್ಲರೂ ವೀರೇಶನ ಅಂಗಡಿಗೆ ಬಂದೆವು. ಮುಂದಿನ ಬೇವಿನ ಮರದ ಕೆಳಗೆ ಏಳೆಂಟು ಹೆಂಗಸರು ಕೂತಿದ್ದರು. ಮಾಸಿದ ಸೀರೆ, ಮೆಣಸಿನ ಕಲೆಯ ಬೆರಳು. ಒಬ್ಬಳು ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಅದರ ಮೇಲೆ ಎರಡೂ ಕೈ ಊರಿದ್ದಳು. ನಾನು ಅವರನ್ನು ದಾಟಿ ಹಿಂದಿನ ಶೆಡ್ಡಿಗೆ ತಿರುಗಿದೆ. ಮತ್ತೆ ಅದೇ ಶೆಡ್ಡು. ಹಿಂದಿದ್ದವರು ಇಳಿಯತೊಡಗಿದರು. ಲಾಲೇಸಾಬನ ಪಾದ ಬ್ರೇಕಿನ ಮೇಲಿತ್ತು.

"ಅವ್ರು ಯಾರು, ಬೇವಿನ ಗಿಡದ ಕೆಳಗ?" ಹುಲಿಗೆಮ್ಮ ಗಾಡಿಯ ಮೇಲಿಂದಲೇ ಕೇಳಿದಳು.

"ಮಸ್ಕಿ ಕಡೇ ಕೂಲ್ಯಾರು," ಎಂದ ವೀರೇಶ. "ಹೋಟೆಲಿನವ ಬ್ಯಾಡ ಅಂದ. ಇವ್ರು ಸಂಘದ ರೊಕ್ಕ ತಂದಾರ. ನಿಮ್ಮಂಗ ಸ್ವಂತ ಗಾಡಿ ಬೇಕಂತ ಅವರಿಗೂ. ಇಳೀರಿ ಅವ್ವಾರೆ, ಅವ್ರು ಈ ಕಡೆ ಬರೂದ್ರೊಳಗ ಮೀಟರ್ ಕೆಲಸ ಮುಗಸ್ತೀನಿ. ಆ ಪುಕ್ಕ ಒಂದು ತಗೀರಿ."

ಹುಲಿಗೆಮ್ಮ ಗಾಡಿಯ ಪಕ್ಕದ ಹಲಗೆಗೆ ಒರಗಿ, ಮಡಚದ ಕಾಲನ್ನು ಮುಂದೆ ಚಾಚಿ, ಕೂತುಕೊಂಡಳು.

"ನಾ ಇಳಿಯಂಗಿಲ್ಲ."

ದುರುಗಮ್ಮ ಹಿಂಬಾಗಿಲಿಗೆ ಬಂದಳು. "ಅತ್ತಿ, ಇಳಿ. ಈ ಗಾಡಿ ಇನ್ನೆಷ್ಟು ದಿನ ಬಂದೀತು? ಇದು ನಿಂತ ದಿನ ಅಮರೇಗೌಡನ ಗಾಡಿನ ಹತ್ತಬೇಕು. ಅದು ಗೊತ್ತೈತೋ ಇಲ್ಲೋ ನಿನಗ?"

"ಗೊತ್ತೈತಿ."

"ಮತ್ತ?"

"ಅವ್ರು ಗೊತ್ತಿದ್ದು ತಗೊಂಡ್ರ ತಗೊಳ್ಳಿ. ಎಷ್ಟು ಓಡೈತಿ, ಎಷ್ಟು ಎಣ್ಣಿ ಕುಡಿತೈತಿ, ಎಲ್ಲಿ ತೂತು ಬಿದ್ದೈತಿ, ಎಲ್ಲಾ ನಾ ಹೇಳ್ತೀನಿ. ಕರಿ ಅವ್ರನ್ನ."

"ಹೇಳಿದ್ರ ಯಾರ್ ತಗೋತಾರ?" ಎಂದ ವೀರೇಶ. "ಹಂಗಾದ್ರ ನನ್ನ ಗಾಡೀನೂ ಇಲ್ಲ, ನಡೀರಿ. ಗುಜರಿಗೆ ಹಾಕ್ಕೋರಿ ಇದನ್ನ."

ನಾನು ಇನ್ನೂ ನಿಂತಲ್ಲೇ ತಿರುಗುತ್ತಿದ್ದೆ. ಗುಜರಿ ಎಂಬ ಮಾತು ನನಗೆ ಹೊಸದಲ್ಲ. ಕಬ್ಬಿಣಕ್ಕೆ ಅದು ಸಾವಲ್ಲ. ಮತ್ತೆ ಕುದಿಯುತ್ತೇವೆ, ಮತ್ತೆ ಏನೋ ಆಗುತ್ತೇವೆ. ಆದರೆ ಓಡಿದ್ದನ್ನು ಓಡಿಲ್ಲ ಎನಿಸಿಕೊಂಡು ಬದುಕುವುದು ಏನೆಂದು ನನಗೆ ಗೊತ್ತು. ಗಾಡಿಯ ಮೇಲೆ ಕೂತವಳಿಗೂ ಗೊತ್ತು.

ದುರುಗಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೇವಿನ ಮರದ ಕಡೆಗೆ ನಡೆದಳು. ಅವರನ್ನು ಕರೆಯಲು ಹೋದಳೋ, ಸಿಟ್ಟಿನಿಂದ ಹೋದಳೋ ನನಗೆ ತಿಳಿಯಲಿಲ್ಲ. ವೀರೇಶ ಅವಳ ಬೆನ್ನನ್ನೇ ನೋಡಿ, ಸರಸರನೆ ಲಾಲೇಸಾಬನ ಕಿಟಕಿಗೆ ಬಂದ. ಅವನ ಕೈಯಲ್ಲಿ ಮೀಟರ್ ಇಳಿಸುವ ಸಣ್ಣ ಯಂತ್ರವಿತ್ತು. ಅದನ್ನು ಹಚ್ಚಬೇಕಾದರೆ ನಾನು ಸುಮ್ಮನಿರಬೇಕು.

"ಆಕಿ ಕುಂತ್ರ ಕುಂದ್ರಲಿ. ನೀ ಇಂಜಿನ್ ಬಂದ್ ಮಾಡೋ ಲಾಲೇಸಾಬ, ಲಗೂ."

ಬ್ರೇಕಿನ ಮೇಲಿನ ಸವೆದ ಚಪ್ಪಲಿ ಅಲುಗಲಿಲ್ಲ. ಲಾಲೇಸಾಬ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದ.

"ಹ್ಯಾಂಗ ಬಂದ್ ಮಾಡ್ಲಿ? ಇನ್ನೂ ಒಬ್ರು ಇಳಿದಿಲ್ಲ."