ಅರಿವಳಿಕೆ ಡಾಕ್ಟರ ಪ್ರಶ್ನೆಗೆ ಭಾಗ್ಯಮ್ಮ ಕೊಟ್ಟ ಉತ್ತರ

ಅರ್ಪಿತಳ ತಲೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದ ಮೇಲೆ ದೇವನಹಳ್ಳಿ ಹತ್ತಿರದ ವಿಜಯಪುರದ ಅವರ ಮನೆಗೆ ಬಂದು ಹೋಗುವವರು ಹೆಚ್ಚಾದರು. ಎಲ್ಲರದೂ ಒಂದೇ ಪ್ರಶ್ನೆ: ಆಪರೇಷನ್ ಮಾಡೋ ಡಾಕ್ಟ್ರು ಹೆಂಗೆ? ಅದಕ್ಕೆ ಮೊದಲು ಮತ್ತು ಬರಿಸುವ ಅರಿವಳಿಕೆ ಡಾಕ್ಟರು ಯಾರೆಂದು ಯಾರೂ ಕೇಳಲಿಲ್ಲ. ಅವರೆಲ್ಲ ಎದ್ದುಹೋದ ಮೇಲೆ ತಾಯಿ ಭಾಗ್ಯಮ್ಮ ಜಗಲಿಯ ಮೇಲೆ ಒಬ್ಬಳೇ ಕೂತು ರೇಷ್ಮೆಗೂಡು ಆರಿಸುತ್ತಿದ್ದಳು.

ಅಂದು ಮಧ್ಯಾಹ್ನ ಪಕ್ಕದ ಮನೆಯ ಕವಿತ ಬಂದಳು. ದೇವನಹಳ್ಳಿಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸ್.

"ಅಕ್ಕಾ, ಅರಿವಳಿಕೆ ಡಾಕ್ಟ್ರು ನೋಡುದ್ರಾ?"

"ನೋಡುದ್ರು ಕಣೆ. ಹಲ್ಲು ಅಲ್ಲಾಡ್ತಾವಾ, ದಮ್ಮು ಇದೆಯಾ ಅಂತೆಲ್ಲ ಕೇಳುದ್ರು. ತಲೆ ಕೊಯ್ಯೋರ್ಗೆ ಹಲ್ಲು ಯಾಕಂತೆ?"

ಕವಿತ ನಕ್ಕಳು. "ಉಸಿರಾಡಕ್ಕೆ ಬಾಯೊಳಗಿಂದ ಕೊಳವೆ ಹಾಕ್ತಾರಲ್ಲ, ಅದಕ್ಕೆ. ಮನೇಲಿ ಯಾರಿಗಾದ್ರೂ ಮತ್ತು ಕೊಟ್ಟಾಗ ತೊಂದ್ರೆ ಆಗಿತ್ತಾ ಅಂತಾನೂ ಕೇಳಿರ್ತಾರೆ."

ಭಾಗ್ಯಮ್ಮನ ಕೈ ನಿಂತಿತು. ಕೇಳಿದ್ದರು. ಪಕ್ಕದಲ್ಲಿ ಅತ್ತೆ ಇದ್ದರು. 'ಯಾರಿಗೂ ಇಲ್ಲ' ಎಂದುಬಿಟ್ಟಿದ್ದಳು.

"ನಮ್ಮಣ್ಣ ಪಿಳ್ಳಣ್ಣಂಗೆ ಆಗಿತ್ತು," ಎಂದಳು ಮೆಲ್ಲಗೆ. "ಹರ್ನಿಯಾ ಆಪರೇಷನ್ನು. ಮತ್ತು ಕೊಟ್ಟ ಮೇಲೆ ದವಡೆ ಬಿಗಿದು, ಮೈ ಕೆಂಡ ಆಯ್ತಂತೆ. ಉಳೀಲಿಲ್ಲ. ಹಾರ್ಟು ನಿಂತೋಯ್ತು ಅಂತ ಊರಿಗೆಲ್ಲ ಹೇಳುದ್ರು. ರಕ್ತದಲ್ಲಿ ದೋಷ ಅಂದ್ರೆ ನನ್ನೂ ತಂಗೀನೂ ಯಾರು ಮದುವೆ ಆಗ್ತಿದ್ರು? ಇವ್ರಿಗೂ ಗೊತ್ತಿಲ್ಲ."

ಕವಿತಳ ಮುಖದಲ್ಲಿ ನಗು ಉಳಿಯಲಿಲ್ಲ. "ಅಕ್ಕಾ, ಕೆಲವು ಮನೆತನದವ್ರಿಗೆ ಮತ್ತು ಬರ್ಸೋ ಗ್ಯಾಸು ಆಗ್ಬರಲ್ಲ. ಅದು ಹುಟ್ಟಿನಿಂದ ಬರುತ್ತೆ. ನಿಮ್ಮಣ್ಣಂದು ಅದೇನಾ ಅಂತ ನಾನು ಹೇಳಕ್ಕಾಗಲ್ಲ, ಡಾಕ್ಟ್ರೇ ಹೇಳ್ಬೇಕು. ಅವ್ರಿಗೆ ಗೊತ್ತಾಗ್ಬೇಕಲ್ಲ!"

"ತಲೆ ಆಪರೇಷನ್‌ಗೂ ಗ್ಯಾಸ್ ಕೊಡ್ತಾರಾ?"

"ಕೆಲವ್ರಿಗೆ ಗ್ಯಾಸು, ಕೆಲವ್ರಿಗೆ ನರದಲ್ಲಿ ಔಷಧಿ, ಕೆಲವ್ರಿಗೆ ಎರಡೂ. ಗ್ಯಾಸ್ ಜಾಸ್ತಿ ಆದ್ರೆ ಮೆದುಳಿಗೆ ರಕ್ತ ಜಾಸ್ತಿ ನುಗ್ಗಿ ಒತ್ತಡ ಏರುತ್ತೆ. ಅದಕ್ಕೇ ಅಳೆದು ಕೊಡ್ತಾರೆ. ನೀವು ಗೂಡು ಆರ್ಸಲ್ವಾ, ಹಂಗೆ ಅವರೂ ರೋಗೀನ ನೋಡಿ ಆರಿಸ್ತಾರೆ. ನೀವು ಮುಚ್ಚಿಟ್ರೆ ಹೆಂಗೆ ಆರ್ಸೋದು?"

ಕವಿತ ಹೋದ ಮೇಲೆ ಭಾಗ್ಯಮ್ಮ ತವರಿಗೆ ಫೋನು ಮಾಡಿದಳು. ತಾಯಿ ಮುನಿತಾಯಮ್ಮ ಸಿಡುಕಿದರು. "ಸತ್ತೋನ ವಿಷ್ಯ ಈಗ ಯಾಕೆ? ನಿನ್ನ ತಂಗಿ ಮಗಳಿಗೆ ಗಂಡು ನೋಡ್ತಾವ್ರೆ. ಬಾಯ್ ಮುಚ್ಕೊಂಡಿರು!" ಫೋನು ಇಟ್ಟರು.

ಭಾಗ್ಯಮ್ಮ ಆ ಫೋನನ್ನೇ ನೋಡುತ್ತಾ ಕೂತಳು. ಹೇಳಿದರೆ ತವರು ಮುನಿಯುತ್ತದೆ, ಗಂಡನ ಮನೆ ಮೋಸವೆನ್ನುತ್ತದೆ. ಒಳಗೆ ಮಗಳು ತಲೆನೋವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಈ ಮನೆಯಲ್ಲಿ ಅಣ್ಣನ ಸಾವಿನ ನಿಜ ಬಲ್ಲವಳು ತಾನೊಬ್ಬಳೇ.

ಸಂಜೆ ಗಂಡ ಗಂಗಣ್ಣ ಕಾಫಿಗೆ ಕೂತಾಗ, ಅತ್ತೆಯ ಎದುರೇ ಎಲ್ಲವನ್ನೂ ಹೇಳಿಬಿಟ್ಟಳು.

"ಇಷ್ಟು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚಿದ್ಯಾ?" ಅತ್ತೆ ಲೋಟ ಕುಕ್ಕಿದರು.

ಗಂಗಣ್ಣ ಹೆಂಡತಿಯ ಮುಖವನ್ನು ನೋಡಲಿಲ್ಲ. ಕಾಫಿ ಆರಿಹೋಯಿತು. ಕೊನೆಗೆ, "ಜಗಳ ಆಮೇಲೆ ಆಡಾಣ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಡಾಕ್ಟ್ರಿಗೆ ಹೇಳಾಣ," ಎಂದ.

ಮರುದಿನ ಆಪರೇಷನ್ ಆಗಬೇಕಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಒಳ್ಳೇ ಕೆಲ್ಸ ಮಾಡುದ್ರಮ್ಮ. ಗ್ಯಾಸ್ ಕೊಡ್ಬೇಕು ಅಂತಿದ್ವಿ. ಈಗ ಅದು ಬೇಡ. ಬರೀ ನರದ ಮೂಲಕ ಔಷಧಿ ಕೊಡ್ತೀವಿ. ಯಂತ್ರದಲ್ಲಿ ಹಳೇ ಗ್ಯಾಸ್ ಉಳೀದಂಗೆ ನೋಡ್ಕೊಳ್ತೀವಿ. ಮೈ ಬಿಸಿ ಏರಿದ್ರೆ ಕೊಡೋ ಮದ್ದೂ ಪಕ್ಕದಲ್ಲೇ ಇರುತ್ತೆ. ನಿಮ್ಮ ತಂಗಿ ಮನೆಯವ್ರಿಗೂ ತಿಳ್ಸಿ."

ಆಪರೇಷನ್ ದಿನ ಗಂಗಣ್ಣ ಕಿಟಕಿಯ ಹತ್ತಿರ ನಿಂತಿದ್ದ, ಅತ್ತೆ ದೂರದ ಬೆಂಚಿನಲ್ಲಿದ್ದರು. ಭಾಗ್ಯಮ್ಮನ ಪಕ್ಕದ ಜಾಗ ಖಾಲಿಯೇ ಇತ್ತು. ಇಳಿಹೊತ್ತಿಗೆ ಒಳಗೆ ಕರೆದರು. ತಲೆಗೆ ಪಟ್ಟಿ ಸುತ್ತಿಕೊಂಡ ಅರ್ಪಿತ ಕಷ್ಟಪಟ್ಟು ಕಣ್ಣು ತೆರೆದಳು. "ಅಮ್ಮಾ, ಬಾಯಿ ಒಣಗ್ತೈತೆ." ಭಾಗ್ಯಮ್ಮ ಅವಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.

ಮುನಿತಾಯಮ್ಮ ಇವತ್ತಿಗೂ ಮಗಳ ಫೋನು ಎತ್ತುವುದಿಲ್ಲ. ಅತ್ತೆ ಬೇಕಾದಷ್ಟೇ ಮಾತಾಡುತ್ತಾರೆ. ಆದರೂ ಭಾಗ್ಯಮ್ಮ ತಂಗಿಗೆ ತಾನೇ ಫೋನು ಮಾಡಿ ವಿಷಯ ತಿಳಿಸಿದಳು. ನಾಳೆ ಅವಳ ಮಗಳೂ ಹೆರಿಗೆಗೋ ಮತ್ತೊಂದಕ್ಕೋ ಆಪರೇಷನ್ ಮೇಜಿನ ಮೇಲೆ ಮಲಗಬಹುದಲ್ಲವೆ?

ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಯಾವ ಮತ್ತು ಕೊಡಬೇಕೆಂದು ಆರಿಸುವವರು ಅರಿವಳಿಕೆ ಡಾಕ್ಟರು. ಅವರಿಗೆ ನಿಮ್ಮ ಮನೆಯ ಕಥೆ ತಿಳಿಸಬೇಕಾದವರು ನೀವು. ಹಿಂದೆ ಮತ್ತು ಕೊಟ್ಟಾಗ ನಿಮಗಾಗಲಿ, ರಕ್ತಸಂಬಂಧಿಕರಿಗಾಗಲಿ ಏನಾದರೂ ಆಗಿದ್ದರೆ, ನುಂಗುವ ಮಾತ್ರೆ, ಅಲರ್ಜಿ, ದಮ್ಮು, ಬೀಡಿ, ಕುಡಿತ ಏನೇ ಇದ್ದರೂ ಮುಚ್ಚಿಡಬೇಡಿ. ನಾಲ್ಕು ಜನರ ಎದುರು ಸಂಕೋಚವಾದರೆ, 'ಡಾಕ್ಟ್ರೇ, ನಿಮ್ಮೊಬ್ಬರ ಹತ್ರ ಮಾತಾಡ್ಬೇಕು' ಅನ್ನಿ. ಹೇಳಿದ ಮೇಲೆ ಸ್ವಲ್ಪ ದಿನ ನಿಮ್ಮ ಪಕ್ಕ ಯಾರೂ ಕೂರದೆ ಇರಬಹುದು. ಆದರೂ ಹೇಳಿ.